ಸಿನಗಾಗ್ ಮೂಲಕ ಸಮಾಜಸೇವೆ: ಮೊದಲ ಇಮೇಲ್‌ನಿಂದ ನಿಮ್ಮ ಸರದಿಯವರೆಗೆ

"ನಾವು ಯಹೂದಿಗಳಲ್ಲ. ಆದರೂ ನಮ್ಮ ಬೀದಿಯ ಸಿನಗಾಗ್‌ನಲ್ಲಿ ವಾಲಂಟಿಯರ್ ಆಗಬಹುದಾ?" ಸಿನಗಾಗ್ ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಅಮೆರಿಕದಲ್ಲಿರುವ ಕನ್ನಡಿಗರು ಈ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳುತ್ತಾರೆ. ಮಗಳ ಹೈಸ್ಕೂಲಿಗೆ ಸೇವೆಯ ಗಂಟೆ ಲೆಕ್ಕ ಕೊಡಬೇಕಾದ ಅಪ್ಪಂದಿರು ಕೇಳುತ್ತಾರೆ. ಗಂಡನ ನೌಕರಿ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬಂದು ಮನೆಯೊಳಗೇ ಕೂತು ಬೇಸತ್ತ ಹೆಣ್ಣುಮಕ್ಕಳು ಕೇಳುತ್ತಾರೆ. ರಿಟೈರ್ ಆದ ಮೇಲೆ ಮಗನ ಊರಿಗೇ ಬಂದು ನೆಲೆಸಿದ ಮೇಷ್ಟ್ರೊಬ್ಬರು ಕೂಡ ಕೇಳಿದರು.

ಖಂಡಿತ ಆಗಬಹುದು. ನ್ಯೂಜೆರ್ಸಿಯ ನಮ್ಮ ಊರಿನ ಸಿನಗಾಗ್ ಒಂದರ ಜೊತೆ ನಾನು ಕೆಲವು ವರ್ಷಗಳಿಂದ ಕೈಜೋಡಿಸುತ್ತಿದ್ದೇನೆ. ಅಲ್ಲಿ ಯಾರೂ ನನ್ನನ್ನು ಮತ ಬದಲಿಸು ಎಂದು ಕೇಳಿಲ್ಲ. ಯಹೂದಿಗಳಲ್ಲಿ ಬೇರೆಯವರನ್ನು ತಮ್ಮ ಮತಕ್ಕೆ ಕರೆಯುವ ರೂಢಿಯೇ ಇಲ್ಲ. ಹಾಗಾಗಿ ಆ ಹೆದರಿಕೆ ಬೇಡ. ಆದರೆ ಒಳ್ಳೆಯ ಮನಸ್ಸಿನಿಂದ ಹೋದವರೂ ಕೆಲವು ಕಡೆ ಎಡವುತ್ತಾರೆ. ಅಡುಗೆ, ಕ್ಯಾಲೆಂಡರ್, ಬಾಗಿಲಿನ ಭದ್ರತೆ, ವೀಸಾ, ಈ ನಾಲ್ಕರಲ್ಲೇ ಹೆಚ್ಚು ತಪ್ಪು ಆಗುವುದು. ಅದಕ್ಕೇ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ನಾಲ್ಕು ಮಾತು ತಿಳಿದಿರಲಿ

ಕಾಂಗ್ರಿಗೇಷನ್ ಅಂದರೆ ಒಂದು ಸಿನಗಾಗ್ ಸುತ್ತ ಸೇರಿದ ಜನರ ಬಳಗ. ಸದಸ್ಯರು ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟುತ್ತಾರೆ, ತಮ್ಮಲ್ಲೇ ಆಡಳಿತ ಮಂಡಳಿ ಆರಿಸುತ್ತಾರೆ. ರಬೈ ಅವರ ಗುರು. ಸಿನಗಾಗ್‌ಗೆ ಕೆಲವರು ಶೂಲ್ ಅನ್ನುತ್ತಾರೆ, ಕೆಲವರು ಟೆಂಪಲ್ ಅನ್ನುತ್ತಾರೆ.

ಮಿತ್ಸ್ವಾ ಅಂದರೆ ದೇವರ ಕಟ್ಟಳೆ. ಮಾತಿನಲ್ಲಿ ಒಳ್ಳೆಯ ಕೆಲಸ ಎಂಬ ಅರ್ಥವೂ ಇದೆ. ತ್ಸೆದಾಕಾ ಎಂಬ ಮಾತನ್ನು ನಾವು ದಾನ ಎಂದುಕೊಳ್ಳುತ್ತೇವೆ. ಆದರೆ ಅದು ಹುಟ್ಟಿದ್ದು ನ್ಯಾಯ ಎಂಬ ಅರ್ಥದ ಹೀಬ್ರೂ ಪದದಿಂದ. ಇಲ್ಲದವರಿಗೆ ಕೊಡುವುದು ನನ್ನ ದೊಡ್ಡತನವಲ್ಲ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದು ಎಂಬ ಭಾವನೆ ಅದರಲ್ಲಿದೆ.

ಹೆಸೆದ್ ಎಂಬ ಮಾತು ನಿಮ್ಮ ಕಿವಿಗೆ ಹೆಚ್ಚು ಬೀಳುತ್ತದೆ. ಪ್ರೀತಿಯಿಂದ ಮಾಡುವ ಉಪಕಾರ ಅಂದುಕೊಳ್ಳಿ. ತ್ಸೆದಾಕಾಕ್ಕಿಂತ ಹೆಸೆದ್ ದೊಡ್ಡದು ಎಂದು ತಾಲ್ಮುದ್ ಮೂರು ಕಾರಣ ಕೊಡುತ್ತದೆ. ತಾಲ್ಮುದ್ ಅಂದರೆ ಯಹೂದಿ ಗುರುಗಳ ಚರ್ಚೆಗಳ ಹಳೆಯ ಗ್ರಂಥ. ತ್ಸೆದಾಕಾ ಹಣದಿಂದ ಮಾತ್ರ, ಹೆಸೆದ್ ಹಣದಿಂದಲೂ ಮೈಯಿಂದಲೂ. ತ್ಸೆದಾಕಾ ಬಡವರಿಗೆ ಮಾತ್ರ, ಹೆಸೆದ್ ಬಡವರಿಗೂ ಶ್ರೀಮಂತರಿಗೂ. ತ್ಸೆದಾಕಾ ಬದುಕಿರುವವರಿಗೆ, ಹೆಸೆದ್ ಸತ್ತವರಿಗೂ. ವಾಲಂಟಿಯರ್ ಕೆಲಸದ ತಿರುಳು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಚೆಕ್ ಬರೆದರೆ ಮುಗಿಯಲಿಲ್ಲ, ಮೈ ಬಗ್ಗಿಸಿ ಮಾಡಬೇಕು. ಕಾಯಕ, ದಾಸೋಹ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ, ಅಲ್ವಾ?

ಹಂತ 1: ಹತ್ತಿರದ ಸಿನಗಾಗ್ ಯಾವ ಪಂಥದ್ದು ಎಂದು ನೋಡಿ

ಅಮೆರಿಕದಲ್ಲಿ ದೊಡ್ಡ ಪಂಥಗಳು ಮೂರು: ರಿಫಾರ್ಮ್, ಕನ್ಸರ್ವೇಟಿವ್, ಆರ್ಥೊಡಾಕ್ಸ್. ಕನ್ಸರ್ವೇಟಿವ್ ಎಂಬುದು ಇಲ್ಲಿ ರಾಜಕೀಯದ ಪದ ಅಲ್ಲ. ಅದು ನಡುವಿನ ದಾರಿಯ ಪಂಥದ ಹೆಸರು ಅಷ್ಟೆ. ಆರ್ಥೊಡಾಕ್ಸ್‌ನವರು ಕಟ್ಟಳೆಗಳನ್ನು ಬಿಗಿಯಾಗಿ ಪಾಲಿಸುತ್ತಾರೆ. ರಿಫಾರ್ಮ್‌ನವರು ಎಷ್ಟು ಪಾಲಿಸಬೇಕು ಎಂಬುದನ್ನು ಹೆಚ್ಚಾಗಿ ಆಯಾ ವ್ಯಕ್ತಿಗೇ ಬಿಡುತ್ತಾರೆ.

ನಿಮಗೆ ಇದು ಯಾಕೆ ಬೇಕು? ಅಡುಗೆಮನೆಯ ನಿಯಮ, ಉಡುಪು, ಶನಿವಾರ ಏನು ಮಾಡಬಹುದು, ಎಲ್ಲವೂ ಇದರ ಮೇಲೆ ನಿಂತಿದೆ. ಮೊದಲ ಸಲ ಹೋಗುವವರಿಗೆ ರಿಫಾರ್ಮ್ ಅಥವಾ ಕನ್ಸರ್ವೇಟಿವ್ ಸಿನಗಾಗ್ ಸುಲಭ ಅಂತ ನನ್ನ ಅನಿಸಿಕೆ. ಅಲ್ಲಿ ಊರಿನ ಎಲ್ಲರಿಗೂ ತೆರೆದಿರುವ ಕೆಲಸಗಳು ಜಾಸ್ತಿ. ಅವರ ವೆಬ್‌ಸೈಟಿನಲ್ಲಿ ಸೋಶಿಯಲ್ ಆಕ್ಷನ್ ಕಮಿಟಿ, ತಿಕ್ಕುನ್ ಓಲಾಮ್ ಕಮಿಟಿ ಅಥವಾ ಹೆಸೆದ್ ಕಮಿಟಿ ಎಂಬ ಹೆಸರು ಹುಡುಕಿ. ತಿಕ್ಕುನ್ ಓಲಾಮ್ ಅಂದರೆ ಜಗತ್ತನ್ನು ದುರಸ್ತಿ ಮಾಡುವುದು. ನೀವು ಬರೆಯಬೇಕಾದ್ದು ಆ ಕಮಿಟಿಯವರಿಗೆ.

ಹಂತ 2: ಮೊದಲು ಬರೆಯಿರಿ, ಸುಮ್ನೆ ಬಾಗಿಲಿಗೆ ಹೋಗಿ ನಿಲ್ಲಬೇಡಿ

ನಮ್ಮ ದೇವಸ್ಥಾನಗಳಿಗೆ ಯಾರು ಬೇಕಾದರೂ ನಡೆದು ಹೋಗಬಹುದು. ಅದೇ ಅಭ್ಯಾಸದಲ್ಲಿ ಸಿನಗಾಗ್‌ಗೂ ಹೋಗಿಬಿಡುತ್ತೇವೆ. ಬಾಗಿಲು ಹಾಕಿರುತ್ತದೆ. ಕ್ಯಾಮೆರಾ ಇರುತ್ತದೆ, ಕೆಲವು ಕಡೆ ಪೊಲೀಸರೂ ಇರುತ್ತಾರೆ. ಇದನ್ನು ನೋಡಿ ಮನಸ್ಸಿಗೆ ನೋವಾಗಿ ವಾಪಸ್ ಬಂದವರು ನನಗೆ ಗೊತ್ತು. ದಯವಿಟ್ಟು ಕಾರಣ ತಿಳಿದುಕೊಳ್ಳಿ.

2018ರ ಅಕ್ಟೋಬರ್ 27, ಶನಿವಾರ ಬೆಳಿಗ್ಗೆ. ಪಿಟ್ಸ್‌ಬರ್ಗ್‌ನ ಟ್ರೀ ಆಫ್ ಲೈಫ್ ಸಿನಗಾಗ್‌ಗೆ ಬಂದೂಕು ಹಿಡಿದು ನುಗ್ಗಿದವನೊಬ್ಬ 11 ಜನರನ್ನು ಕೊಂದ. ಆ ಕಟ್ಟಡದಲ್ಲಿ ಮೂರು ಕಾಂಗ್ರಿಗೇಷನ್‌ಗಳು ಸೇರುತ್ತಿದ್ದವು. ಅವುಗಳಲ್ಲಿ ಡೋರ್ ಹಡಾಶ್ ಎಂಬುದು ಹಯಾಸ್ ಸಂಸ್ಥೆಯ ಜೊತೆ ನಿಂತಿತ್ತು. ಹಯಾಸ್ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಹಳೆಯ ಯಹೂದಿ ಸಂಸ್ಥೆ. ಕೊಲೆಗಾರನ ಸಿಟ್ಟು ಹಯಾಸ್ ಮೇಲೂ ಇತ್ತು. ಅಂದರೆ ಪರದೇಶದವರಿಗೆ ಸಹಾಯ ಮಾಡಿದ್ದೇ ಅವನ ಕಣ್ಣಲ್ಲಿ ತಪ್ಪಾಗಿತ್ತು. 2022ರ ಜನವರಿಯಲ್ಲಿ ಟೆಕ್ಸಸ್‌ನ ಕೊಲಿವಿಲ್‌ನಲ್ಲಿ ಬಾಗಿಲಿಗೆ ಬಂದ ಅಪರಿಚಿತನನ್ನು ರಬೈ ಒಳಗೆ ಕರೆದು ಚಹಾ ಮಾಡಿಕೊಟ್ಟರು. ಆಮೇಲೆ ಅವನು ರಬೈಯನ್ನೂ ಇನ್ನೂ ಮೂವರನ್ನೂ ಒತ್ತೆ ಇಟ್ಟುಕೊಂಡ.

ಬಾಗಿಲಲ್ಲಿ ಐಡಿ ಕೇಳಿದರೆ ಅದು ನಿಮ್ಮ ಬಣ್ಣ ನೋಡಿಯೇ ಎಂದು ತಕ್ಷಣ ತೀರ್ಮಾನಿಸಬೇಡಿ. ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಂಡು ಹೋಗಿ. ದೊಡ್ಡ ಬ್ಯಾಕ್‌ಪ್ಯಾಕ್ ಬೇಡ. ಕಟ್ಟಡದ ಬಾಗಿಲು, ಕ್ಯಾಮೆರಾ ಇರುವ ಕಡೆ ಫೋಟೊ, ವಿಡಿಯೊ ತೆಗೆಯಬೇಡಿ. ಹೇಳದೆ ನಾಲ್ಕು ಜನ ಗೆಳೆಯರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ನಿಮ್ಮ ಹಿಂದೆ ಬಂದ ಗುರುತಿಲ್ಲದವರಿಗಾಗಿ ಬಾಗಿಲು ಹಿಡಿದು ನಿಲ್ಲುವುದೂ ಬೇಡ. ನಮಗೆ ಅದು ಮರ್ಯಾದೆ, ಅವರಿಗೆ ಅದು ಅಪಾಯ.

ಇಮೇಲ್ ಐದಾರು ಸಾಲು ಸಾಕು. ನೀವು ಯಾರು, ಎಲ್ಲಿ ವಾಸ, ಯಹೂದಿ ಅಲ್ಲ ಎಂಬುದು, ಯಾವ ದಿನ ಎಷ್ಟು ಹೊತ್ತು ಬರಬಲ್ಲಿರಿ, ಕಾರು ಇದೆಯೋ ಇಲ್ಲವೋ. ಮಕ್ಕಳು ಬರುವುದಾದರೆ ಅವರ ವಯಸ್ಸನ್ನೂ ಬರೆಯಿರಿ. ಕೊನೆಗೆ ಒಂದು ಪ್ರಶ್ನೆ: "ನಿಮಗೆ ಈಗ ಯಾವ ಕೆಲಸಕ್ಕೆ ಜನ ಬೇಕು?" ಈ ಪ್ರಶ್ನೆ ಬಿಡಬೇಡಿ. "ನಾನು ಯೋಗ ಕಲಿಸುತ್ತೇನೆ, ರಂಗೋಲಿ ಹೇಳಿಕೊಡುತ್ತೇನೆ" ಎಂದು ನಮ್ಮದನ್ನು ಹೊತ್ತುಕೊಂಡು ಹೋಗುವವರೇ ಹೆಚ್ಚು. ಅವರಿಗೆ ಆ ವಾರ ಬೇಕಾಗಿರುವುದು ಡಬ್ಬಿ ಹೊರುವವರು.

ಹಂತ 3: ಅವರ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ

ಯಹೂದಿಗಳ ದಿನ ಶುರುವಾಗುವುದು ಸಂಜೆಗೆ. ಶಬ್ಬಾತ್, ಅಂದರೆ ವಾರದ ವಿರಾಮದ ದಿನ, ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಶುರುವಾಗಿ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ಪಾಲಿಸುವವರು ಫೋನ್ ಎತ್ತುವುದಿಲ್ಲ, ಬರೆಯುವುದಿಲ್ಲ, ದುಡ್ಡು ಮುಟ್ಟುವುದಿಲ್ಲ, ಕಾರು ಓಡಿಸುವುದಿಲ್ಲ. ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತದೆ. ಆಗ ಶುಕ್ರವಾರ ಮಧ್ಯಾಹ್ನವೇ ಆಫೀಸು ಮುಚ್ಚಿರುತ್ತದೆ. ವಾಲಂಟಿಯರ್ ಕೆಲಸ ಹೆಚ್ಚಾಗಿ ಭಾನುವಾರ ನಡೆಯುವುದು ಇದಕ್ಕೇ.

ಹಬ್ಬಗಳು ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದಿಲ್ಲ. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವ ಹಾಗೆ ಅವರಲ್ಲೂ 19 ವರ್ಷಕ್ಕೆ 7 ಸಲ ಒಂದು ತಿಂಗಳು ಜಾಸ್ತಿ ಸೇರುತ್ತದೆ. ಹೀಗಾಗಿ ಹೊಸ ವರ್ಷ ರೋಶ್ ಹಶನಾ ಸೆಪ್ಟೆಂಬರ್‌ನಲ್ಲಿ ಬರಬಹುದು, ಅಕ್ಟೋಬರ್ ಮೊದಲ ವಾರಕ್ಕೂ ಜಾರಬಹುದು. ಪ್ರತಿ ವರ್ಷ ಹೊಸದಾಗಿ ನೋಡಿಕೊಳ್ಳಿ.

ಕೆಲಸ ಜೋರಾಗಿರುವ ಕಾಲ ಮೂರು. ಮೊದಲನೆಯದು ರೋಶ್ ಹಶನಾದಿಂದ ಯೋಮ್ ಕಿಪ್ಪುರ್‌ವರೆಗಿನ ಹತ್ತು ದಿನ. ಯೋಮ್ ಕಿಪ್ಪುರ್ ಪ್ರಾಯಶ್ಚಿತ್ತದ ದಿನ. ಸುಮಾರು 25 ಗಂಟೆ ನೀರೂ ಇಲ್ಲದ ಉಪವಾಸ. ಆ ಬೆಳಿಗ್ಗೆ ಪ್ರವಾದಿ ಯೆಶಾಯನ ಮಾತು ಓದುತ್ತಾರೆ. ನನಗೆ ಬೇಕಾದ ಉಪವಾಸ ಅಂದರೆ ಹಸಿದವನ ಜೊತೆ ನಿನ್ನ ರೊಟ್ಟಿ ಹಂಚಿಕೊಳ್ಳುವುದು ಎಂದು ದೇವರು ಹೇಳುವ ಭಾಗ ಅದು. ಬಹಳಷ್ಟು ಸಿನಗಾಗ್‌ಗಳು ರೋಶ್ ಹಶನಾಗೆ ಬಂದವರ ಕೈಗೆ ಖಾಲಿ ಚೀಲ ಕೊಟ್ಟು ಕಳಿಸುತ್ತವೆ. ಯೋಮ್ ಕಿಪ್ಪುರ್‌ಗೆ ಅದು ದಿನಸಿ ತುಂಬಿ ವಾಪಸ್ ಬರುತ್ತದೆ. ಹಬ್ಬ ಮುಗಿದ ಮೇಲೆ ಆ ರಾಶಿಯನ್ನು ವಿಂಗಡಿಸಲು ಕೈಗಳು ಬೇಕು. ಅಂದು ಅವರಲ್ಲಿ ಬಹಳ ಜನ ದಣಿದಿರುತ್ತಾರೆ. ನೀವು ಹೋದರೆ ನಿಜವಾದ ಸಹಾಯ.

ಎರಡನೆಯದು ಡಿಸೆಂಬರ್ 25. ಕ್ರೈಸ್ತರು ಮನೆಯಲ್ಲಿ ಹಬ್ಬ ಮಾಡಲಿ ಎಂದು ಯಹೂದಿಗಳು ಆ ದಿನ ಸೂಪ್ ಕಿಚನ್ (ಬಡವರಿಗೆ ಪುಕ್ಕಟೆ ಊಟ ಹಾಕುವ ಕಡೆ), ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ಅವರ ಜಾಗಕ್ಕೆ ನಿಲ್ಲುತ್ತಾರೆ. ಇದು ನನಗೆ ತುಂಬ ಇಷ್ಟವಾದ ರೂಢಿ. ನಮಗೂ ಅಂದು ರಜೆ, ಹಬ್ಬ ಇಲ್ಲ. ಆದರೆ ಜಾಗಗಳು ಬೇಗ ತುಂಬುತ್ತವೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮೊದಲೇ ಹೆಸರು ಕೊಡಿ.

ಮೂರನೆಯದು ಪೂರಿಮ್ ಮತ್ತು ಪಾಸೋವರ್ ಹಬ್ಬಗಳ ಕಾಲ. ಪೂರಿಮ್ ಚಳಿಗಾಲದ ಕೊನೆಗೆ ಬರುತ್ತದೆ. ಆಗ ಗೆಳೆಯರ ಮನೆಗೆ ತಿಂಡಿಯ ಪೊಟ್ಟಣ ಕಳಿಸಬೇಕು, ಕನಿಷ್ಠ ಇಬ್ಬರು ಬಡವರಿಗೆ ಕೊಡಬೇಕು ಎಂಬ ಕಟ್ಟಳೆ ಇದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಿದವರಿಗೆ ಪೊಟ್ಟಣ ಕಟ್ಟುವ ಕೆಲಸ ಹೇಳಿಕೊಡಬೇಕಾಗಿಲ್ಲ. ಪಾಸೋವರ್‌ನಲ್ಲಿ ಬ್ರೆಡ್, ಪಾಸ್ತಾ, ಗೋಧಿ ಹಿಟ್ಟಿನ ತಿಂಡಿ ಮನೆಯಲ್ಲಿ ಇಡುವ ಹಾಗಿಲ್ಲ. ಅದಕ್ಕೆ ಹಬ್ಬದ ಮುಂಚೆ ತೆರೆಯದ ಪ್ಯಾಕೆಟ್‌ಗಳನ್ನು ಒಟ್ಟು ಮಾಡಿ ಊರಿನ ಫುಡ್ ಪ್ಯಾಂಟ್ರಿಗೆ, ಅಂದರೆ ಬಡವರಿಗೆ ದಿನಸಿ ಕೊಡುವ ಕೇಂದ್ರಕ್ಕೆ, ಕಳಿಸುತ್ತಾರೆ. ಸಾಗಿಸಲು ಕಾರು ಬೇಕು.

ಹಂತ 4: ನಿಮಗೆ ಹೊಂದುವ ಕೆಲಸ ಆರಿಸಿ

ಹೊಸಬರಿಗೆ ಮೊದಲ ಕೆಲಸವಾಗಿ ನಾನು ಹೇಳುವುದು ವಿಂಗಡಣೆ. ಡಬ್ಬಿಗಳ ತಾರೀಖು ನೋಡಬೇಕು. ಉಬ್ಬಿದ, ಅಂಚು ಜಜ್ಜಿದ ಡಬ್ಬಿ ತೆಗೆಯಬೇಕು. ಬೇಳೆಕಾಳು, ಮಕ್ಕಳ ಆಹಾರ, ಸೋಪು ಬೇರೆ ಬೇರೆ ಇಡಬೇಕು. ಮಕ್ಕಳ ಜೊತೆ ಮಾಡಬಹುದು, ಇಂಗ್ಲಿಷ್ ಜಾಸ್ತಿ ಬೇಡ, ಜನರ ಪರಿಚಯವೂ ಆಗುತ್ತದೆ. ನೀವೇ ಏನಾದರೂ ಕೊಡುವುದಾದರೆ ಮನೆಯಲ್ಲಿ ಹಳತಾಗಿ ಉಳಿದದ್ದನ್ನು ಕೊಡಬೇಡಿ. ನೀವು ಕೊಂಡು ತಿನ್ನುವಂಥದ್ದನ್ನೇ ಕೊಡಿ.

ಮನೆ ಕಳೆದುಕೊಂಡ ಕುಟುಂಬಗಳಿಗೆ ಆಸರೆ ಕೊಡುವುದು ಇನ್ನೊಂದು ದೊಡ್ಡ ಕೆಲಸ. ಫ್ಯಾಮಿಲಿ ಪ್ರಾಮಿಸ್ ಎಂಬ ಸಂಸ್ಥೆ 1986ರಲ್ಲಿ ನಮ್ಮ ನ್ಯೂಜೆರ್ಸಿಯಲ್ಲೇ ಹುಟ್ಟಿತು. ಶುರು ಮಾಡಿದವರು ಕ್ಯಾರೆನ್ ಓಲ್ಸನ್. ಅವರ ಯೋಜನೆ ಸರಳ. ಊರಿನ ಚರ್ಚ್‌ಗಳು, ಸಿನಗಾಗ್‌ಗಳು ಸರದಿ ಹಾಕಿಕೊಳ್ಳುತ್ತವೆ. ಒಂದೊಂದು ಕಟ್ಟಡದಲ್ಲಿ ಒಂದೊಂದು ವಾರ ಕೆಲವು ಕುಟುಂಬಗಳು ಮಲಗುತ್ತವೆ. ಪಾಠದ ಕೋಣೆಗಳೇ ಮಲಗುವ ಕೋಣೆಗಳಾಗುತ್ತವೆ. ಇತ್ತೀಚೆಗೆ ಕೆಲವು ಊರುಗಳು ಸರದಿ ಬಿಟ್ಟು ಒಂದೇ ಕಡೆ ಮನೆ ಮಾಡಿವೆ, ಆದರೂ ವಾಲಂಟಿಯರ್‌ಗಳು ಬೇಕೇ ಬೇಕು. ರಾತ್ರಿ ಊಟ ತರುವವರು, ಮಕ್ಕಳಿಗೆ ಹೋಂವರ್ಕ್ ಹೇಳಿಕೊಡುವವರು, ರಾತ್ರಿ ಅಲ್ಲೇ ಮಲಗುವ ದೊಡ್ಡವರು. ಊಟ ಬಡಿಸುವ ಸರದಿ ನಿಮ್ಮದಾದರೆ ಬಡಿಸಿ ದೂರ ನಿಲ್ಲಬೇಡಿ. ಅವರ ಜೊತೆ ಕೂತು ಊಟ ಮಾಡಿ. ಮನೆ ಹೇಗೆ ಹೋಯಿತು, ಗಂಡ ಎಲ್ಲಿ ಎಂದು ಮಾತ್ರ ಕೇಳಬೇಡಿ. ನಮ್ಮಲ್ಲಿ ಅದು ಕಾಳಜಿಯ ಪ್ರಶ್ನೆ. ಅಲ್ಲಿ ಗಾಯ ಕೆದಕಿದ ಹಾಗೆ.

ಐಟಿ ಕೆಲಸದಲ್ಲಿರುವವರಿಗೆ ಇನ್ನೊಂದು ಮಾತು. 12ನೇ ಶತಮಾನದ ಯಹೂದಿ ಗುರು ಮೈಮೊನಿಡೀಸ್ ಕೊಡುವುದರಲ್ಲಿ ಎಂಟು ಮೆಟ್ಟಿಲು ಹೇಳಿದ್ದಾನೆ. ಎಲ್ಲಕ್ಕಿಂತ ಕೆಳಗೆ ಮನಸ್ಸಿಲ್ಲದೆ ಕೊಡುವುದು. ಮೇಲಕ್ಕೆ ಹೋದಂತೆ ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ, ಪಡೆದವನಿಗೆ ಕೊಟ್ಟವನು ಗೊತ್ತಿಲ್ಲ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಯಾವುದು? ಕೆಲಸ ಕೊಡಿಸಿ, ಸಾಲ ಕೊಟ್ಟು ಅಥವಾ ಪಾಲುದಾರನನ್ನಾಗಿ ಮಾಡಿಕೊಂಡು, ಆ ಮನುಷ್ಯ ಮತ್ತೆ ಕೈಚಾಚದ ಹಾಗೆ ಮಾಡುವುದು. ಸಿನಗಾಗ್‌ಗಳು ನಿರಾಶ್ರಿತ ಕುಟುಂಬಗಳಿಗೆ ಬೆಂಬಲವಾಗಿ ನಿಂತಾಗ ಈ ಕೆಲಸಕ್ಕೆ ಜನ ಹುಡುಕುತ್ತಾರೆ. ರೆಸ್ಯೂಮೆ ತಿದ್ದುವುದು, ಇಂಟರ್‌ವ್ಯೂ ಅಭ್ಯಾಸ ಮಾಡಿಸುವುದು, ಬ್ಯಾಂಕ್ ಖಾತೆ ತೆರೆಯಲು ಜೊತೆಗೆ ಹೋಗುವುದು. ಈ ದೇಶಕ್ಕೆ ಎರಡು ಸೂಟ್‌ಕೇಸ್ ಹಿಡಿದು ಬಂದು ಎಲ್ಲ ಹೊಸದಾಗಿ ಕಲಿತ ನಮಗಿಂತ ಚೆನ್ನಾಗಿ ಇದನ್ನು ಯಾರು ಮಾಡಬಲ್ಲರು?

ರೋಗಿಗಳನ್ನು, ಒಂಟಿ ವೃದ್ಧರನ್ನು ನೋಡಲು ಹೋಗುವುದಕ್ಕೆ ಬಿಕುರ್ ಹೋಲಿಮ್ ಎಂದು ಹೆಸರು. ನೋಡಲು ಹೋದವನು ರೋಗಿಯ ನೋವಿನ ಅರವತ್ತರಲ್ಲೊಂದು ಪಾಲು ತೆಗೆದುಕೊಂಡು ಹೋಗುತ್ತಾನೆ ಎಂದು ತಾಲ್ಮುದ್‌ನಲ್ಲಿದೆ. ಹೋಗುವ ಮೊದಲು ಕೇಳಿ. ತುಂಬ ಹೊತ್ತು ಕೂರಬೇಡಿ. "ನಮ್ಮ ಚಿಕ್ಕಪ್ಪನಿಗೂ ಇದೇ ಆಗಿತ್ತು, ಪಾಪ ಹೋಗಿಬಿಟ್ಟರು" ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಮದ್ದು, ಪಥ್ಯ ಹೇಳಬೇಡಿ.

ಸಾವಿನ ಮನೆಯ ಕೆಲಸವೂ ಇದೆ. ಹೆಣ ತೊಳೆದು ಬಿಳಿ ಬಟ್ಟೆ ಉಡಿಸುವವರ ತಂಡಕ್ಕೆ ಹೆವ್ರಾ ಕಡೀಶಾ ಎನ್ನುತ್ತಾರೆ. ಅದು ಯಹೂದಿಗಳೇ ಮಾಡುವ ಕೆಲಸ, ನಾವು ಕೇಳಬಾರದು. ಆದರೆ ಆಮೇಲಿನ ಏಳು ದಿನದ ಸೂತಕಕ್ಕೆ, ಅದಕ್ಕೆ ಶಿವಾ ಎನ್ನುತ್ತಾರೆ, ಹೊರಗಿನವರ ಸಹಾಯ ಬೇಕಾಗುತ್ತದೆ. ಹೀಬ್ರೂವಿನಲ್ಲಿ ಶಿವಾ ಅಂದರೆ ಏಳು. ನಮ್ಮ ಶಿವನಿಗೂ ಅದಕ್ಕೂ ಸಂಬಂಧವಿಲ್ಲ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ನೆರೆಯವರೇ ಕೊಡಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಪಕ್ಕದ ಮನೆಯವರು ಅನ್ನ ಸಾರು ತಂದುಕೊಡುವ ನಮ್ಮ ಹಳ್ಳಿಗಳ ರೂಢಿಯೇ ಅದು. ಊಟ ಜೋಡಿಸುವುದು, ಕುರ್ಚಿ ಹಾಕುವುದು, ಪಾತ್ರೆ ತೊಳೆಯುವುದು ನೀವು ಮಾಡಬಹುದು. ಹೂವು ಒಯ್ಯಬೇಡಿ, ಅದು ಅವರ ರೂಢಿಯಲ್ಲ. ದುಃಖದಲ್ಲಿರುವವರು ಮಾತು ಶುರು ಮಾಡುವವರೆಗೆ ಸುಮ್ಮನೆ ಕೂತಿರಿ. ಹೊರಡುವಾಗ "ಬರ್ತೀನಿ" ಅನ್ನದೆ ಎದ್ದು ಬರುವ ನಮಗೆ ಈ ಮೌನ ಅರ್ಥವಾಗುತ್ತದೆ.

ಹಂತ 5: ಅಡುಗೆಮನೆಗೆ ಕಾಲಿಡುವ ಮುಂಚೆ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. "ನಾವು ಸಸ್ಯಾಹಾರಿಗಳು. ನಮ್ಮ ಚಿತ್ರಾನ್ನಕ್ಕೆ ಏನು ತೊಂದರೆ?" ಎಂದು ಕೇಳುತ್ತಾರೆ. ನಾನೂ ಮೊದಲ ತಿಂಗಳಲ್ಲಿ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಮಾಡಿಕೊಂಡು ಹೋಗಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಬಿಟ್ಟಿದ್ದೆ. ಅಲ್ಲಿದ್ದ ಹಿರಿಯರೊಬ್ಬರು ಬೇಸರ ತೋರಿಸದೆ ಅದನ್ನು ಹೊರಗಿನ ಮೇಜಿಗೆ ಸಾಗಿಸಿ, ಕಟ್ಟೆ ಒರೆಸಿ, ಆಮೇಲೆ ಕಾರಣ ಹೇಳಿದರು.

ಕೋಷರ್, ಅಂದರೆ ಯಹೂದಿಗಳ ಆಹಾರದ ಕಟ್ಟಳೆ, ಬರೀ ಏನು ತಿನ್ನಬಹುದು ಎಂಬ ಪಟ್ಟಿ ಅಲ್ಲ. ಯಾವ ಪಾತ್ರೆ, ಯಾವ ಒಲೆ, ಯಾರು ನೋಡಿಕೊಂಡರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಅಜ್ಜಿಯ ಮಡಿ ಅಡುಗೆಮನೆ ನೆನಪಿಸಿಕೊಳ್ಳಿ. ಹೊರಗಿನ ಅಡುಗೆ ಎಷ್ಟೇ ಶುದ್ಧವಾಗಿದ್ದರೂ ಒಳಗೆ ಬರುತ್ತಿರಲಿಲ್ಲ, ಅಲ್ವಾ? ಅದೇ ರೀತಿ. ಮಾಂಸ ಮತ್ತು ಹಾಲಿನ ಪದಾರ್ಥ ಕೂಡುವ ಹಾಗಿಲ್ಲ. ಎರಡಕ್ಕೂ ಬೇರೆ ಬೇರೆ ಪಾತ್ರೆ, ಚಮಚ, ಸಿಂಕು, ಒರೆಸುವ ಬಟ್ಟೆ. ಸಾಮಾನ್ಯವಾಗಿ ಬಣ್ಣದಿಂದ ಗುರುತು ಮಾಡಿರುತ್ತಾರೆ. ಎರಡೂ ಅಲ್ಲದ ತರಕಾರಿ, ಕಾಳು, ಹಣ್ಣು, ಮೊಟ್ಟೆ ಇಂಥವಕ್ಕೆ ಪಾರ್ವೆ ಎನ್ನುತ್ತಾರೆ. ಸೊಪ್ಪಿನಲ್ಲಿ ಹುಳ ಇರಬಾರದು ಎಂದು ಎಲೆ ಎಲೆಯಾಗಿ ನೋಡುತ್ತಾರೆ. ಚೀಸ್, ದ್ರಾಕ್ಷಿ ರಸ, ವೈನ್‌ಗೆ ಬೇರೆ ನಿಯಮವಿದೆ.

ಪಾಲಿಸಬೇಕಾದ್ದು ಇಷ್ಟು. ಮನೆಯ ಅಡುಗೆ, ಮನೆಯ ಪಾತ್ರೆ, ಮನೆಯ ಚಾಕು ಒಯ್ಯಬೇಡಿ. ನಿಮ್ಮ ಲಂಚ್ ಬಾಕ್ಸನ್ನೂ ಅಲ್ಲಿನ ಮೈಕ್ರೋವೇವ್‌ನಲ್ಲಿ ಇಡಬೇಡಿ. ಚಮಚ ಎತ್ತುವ ಮೊದಲು "ಇದು ಯಾವುದರದ್ದು?" ಎಂದು ಕೇಳಿ. ಏನಾದರೂ ತರಲೇಬೇಕು ಅನ್ನಿಸಿದರೆ ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ತನ್ನಿ, ಅದರ ಮೇಲೆ ಕೋಷರ್ ಗುರುತು ಇರಲಿ. ವೃತ್ತದೊಳಗೆ ಯು ಎಂಬ ಇಂಗ್ಲಿಷ್ ಅಕ್ಷರ ಇರುವ ಗುರುತು ಹೆಚ್ಚು ಕಾಣುತ್ತದೆ. ಇಂಡಿಯನ್ ಅಂಗಡಿಯ ಕೆಲವು ಪ್ಯಾಕೆಟ್‌ಗಳ ಮೇಲೂ ಇದೆ, ತಿರುಗಿಸಿ ನೋಡಿ. ಪಾಸೋವರ್ ಸಮಯದಲ್ಲಿ ಅದೂ ಸಾಲದು. ಆ ವಾರ ಕೇಳದೆ ಏನನ್ನೂ ತರಬೇಡಿ. ತಪ್ಪಾಗಿ ಚಮಚ ಬದಲಾದರೆ ಮುಚ್ಚಿಡಬೇಡಿ. ತಕ್ಷಣ ಹೇಳಿ. ಅವರು ಸರಿಪಡಿಸಿಕೊಳ್ಳುತ್ತಾರೆ. ಹೇಳದೆ ಬಿಟ್ಟರೆ ಅವರಿಗೆ ಗೊತ್ತಿಲ್ಲದೆ ಅವರ ನೇಮ ಕೆಟ್ಟಿರುತ್ತದೆ.

ಫ್ಯಾಮಿಲಿ ಪ್ರಾಮಿಸ್‌ನಂಥ ಕಡೆ ಅತಿಥಿಗಳು ಯಹೂದಿಗಳಲ್ಲದಿರಬಹುದು. ಆದರೂ ಕಟ್ಟಡ ಸಿನಗಾಗ್‌ನದ್ದಾದರೆ ನಿಯಮ ಅದರದ್ದೇ.

ಹಂತ 6: ಕಾಗದಪತ್ರ, ವೀಸಾ, ಸೇವೆಯ ಗಂಟೆ

ಮಕ್ಕಳು, ವೃದ್ಧರು ಇರುವ ಕಡೆ ಕೆಲಸ ಮಾಡಲು ಬ್ಯಾಕ್‌ಗ್ರೌಂಡ್ ಚೆಕ್ ಕೇಳಬಹುದು. ವೃದ್ಧಾಶ್ರಮ, ಆಸ್ಪತ್ರೆಗಳು ಟಿಬಿ ಪರೀಕ್ಷೆಯನ್ನೂ ಕೇಳಬಹುದು. ವಾರಗಟ್ಟಲೆ ಹಿಡಿಯುತ್ತದೆ, ಬೇಗ ಶುರು ಮಾಡಿ. ಬೇರೆಯವರ ಮಕ್ಕಳ ಜೊತೆ ಒಬ್ಬರೇ ಒಂದು ಕೋಣೆಯಲ್ಲಿ ಇರಬೇಡಿ. ಇನ್ನೊಬ್ಬ ದೊಡ್ಡವರು ಇರಲೇಬೇಕು. ಯಾರನ್ನಾದರೂ ನಿಮ್ಮ ಕಾರಿನಲ್ಲಿ ಕರೆದೊಯ್ಯುವ ಮೊದಲು ಇನ್ಶೂರೆನ್ಸ್ ಬಗ್ಗೆ ಕೇಳಿಕೊಳ್ಳಿ.

ವೀಸಾ ವಿಷಯ ಗಮನವಿಟ್ಟು ಓದಿ. ಎಚ್-4, ಎಫ್-1 (ವಿದ್ಯಾರ್ಥಿ ವೀಸಾ), ಎಚ್-1ಬಿ (ನೌಕರಿ ವೀಸಾ) ಇರುವವರು ನಿಜವಾದ ವಾಲಂಟಿಯರ್ ಕೆಲಸ ಮಾಡಬಹುದು. "ನಿಜವಾದ" ಎಂಬ ಮಾತೇ ಮುಖ್ಯ. ಲಾಭಕ್ಕಲ್ಲದ ಸಂಸ್ಥೆ ಆಗಿರಬೇಕು. ಸಾಮಾನ್ಯವಾಗಿ ವಾಲಂಟಿಯರ್‌ಗಳೇ ಮಾಡುವ ಕೆಲಸ ಆಗಿರಬೇಕು. ಪ್ರತಿಫಲ ಇರಬಾರದು, ಮುಂದೆ ಸಿಗುತ್ತದೆ ಎಂಬ ಮಾತೂ ಇರಬಾರದು. ಡಬ್ಬಿ ವಿಂಗಡಿಸುವುದು, ಊಟ ಬಡಿಸುವುದು ಸರಿ. ಸಂಬಳ ಕೊಟ್ಟು ಮಾಡಿಸುವ ಅಕೌಂಟ್ಸ್ ಕೆಲಸವನ್ನೋ ವೆಬ್‌ಸೈಟ್ ಕೆಲಸವನ್ನೋ ಪುಕ್ಕಟೆ ಮಾಡಿಕೊಡಲು ಹೋದರೆ ಅದು ಅನುಮತಿಯಿಲ್ಲದ ನೌಕರಿ ಎನ್ನಿಸಿಕೊಳ್ಳಬಹುದು. ಪ್ರೀತಿಯಿಂದ ಗಿಫ್ಟ್ ಕಾರ್ಡ್ ಕೊಟ್ಟರೂ ಬೇಡವೆನ್ನಿ. ಸ್ವಲ್ಪ ಅನುಮಾನ ಬಂದರೂ ಇಮಿಗ್ರೇಷನ್ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ಮಕ್ಕಳ ಗಂಟೆಗಳ ವಿಷಯ. ಮೇರಿಲ್ಯಾಂಡ್‌ನಲ್ಲಿ ಹೈಸ್ಕೂಲ್ ಮುಗಿಸಲು 75 ಗಂಟೆ ಸೇವೆ ಕಡ್ಡಾಯ. ಬೇರೆ ಕಡೆ ಶಾಲೆಗೊಂದು ನಿಯಮ. ಪೂಜೆ, ಪ್ರಾರ್ಥನೆಗೆ ಸಂಬಂಧಿಸಿದ ಕೆಲಸ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಫುಡ್ ಪ್ಯಾಂಟ್ರಿಯ ಕೆಲಸ ಬರುತ್ತದೆ. ಕೆಲಸ ಶುರು ಮಾಡುವ ಮುಂಚೆಯೇ ಶಾಲೆಯನ್ನು ಕೇಳಿ, ಸಹಿ ಅದೇ ದಿನ ಹಾಕಿಸಿ. ಶನಿವಾರವಾದರೆ ಬರೆಯುವುದಿಲ್ಲ, ಸಹಿ ಸಿಗುವುದಿಲ್ಲ.

ಹಂತ 7: ಮೊದಲ ದಿನ

ಸರಳ ಬಟ್ಟೆ ಸಾಕು. ಆರ್ಥೊಡಾಕ್ಸ್ ಕಡೆ ಹೆಣ್ಣುಮಕ್ಕಳು ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಲಿ. ಚೂಡಿದಾರ್ ಚೆನ್ನಾಗಿ ಹೊಂದುತ್ತದೆ. ಪ್ರಾರ್ಥನೆಯ ಕೋಣೆಗೆ ಹೋಗುವ ಗಂಡಸರಿಗೆ ಬಾಗಿಲ ಬಳಿ ಇಟ್ಟಿರುವ ಪುಟ್ಟ ಟೋಪಿ, ಕಿಪ್ಪಾ, ತಲೆಯ ಮೇಲಿಡಲು ಹೇಳುತ್ತಾರೆ. ಗುರುದ್ವಾರದಲ್ಲಿ ತಲೆ ಮುಚ್ಚಿಕೊಂಡ ಹಾಗೆ ಅಷ್ಟೆ. ಆರ್ಥೊಡಾಕ್ಸ್ ಗಂಡಸರು, ಹೆಂಗಸರು ಪರಸ್ಪರ ಕೈಕುಲುಕದಿರಬಹುದು. ಕೈ ಮುಗಿದರೆ ಆಯಿತು, ನಮಗೆ ಅದು ಬರುತ್ತದಲ್ಲ.

ಸ್ವಸ್ತಿಕದ ಬಗ್ಗೆ ದಯವಿಟ್ಟು ಎಚ್ಚರ. ನಮಗೆ ಅದು ಮಂಗಳದ ಗುರುತು. ಮನೆ ಬಾಗಿಲಲ್ಲಿ, ಹೊಸ ಕಾರಿನ ಮೇಲೆ, ಮದುವೆಯ ಚೀಲದ ಮೇಲೆ ಇರುತ್ತದೆ. ಆದರೆ ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದಾಗ ಹಾರಿಸಿದ ಬಾವುಟದಲ್ಲಿ ಇದ್ದದ್ದು ಅದನ್ನೇ ಹೋಲುವ ಚಿಹ್ನೆ. ನೀವು ಊಟ ಬಡಿಸುವ ಅಜ್ಜಿಯ ಮನೆತನವೇ ಅಲ್ಲಿ ಹೋಗಿರಬಹುದು. ಹೊರಡುವ ಮೊದಲು ಚೀಲ, ಪೆಂಡೆಂಟ್, ಕಾರಿನ ಹಿಂಬದಿ ನೋಡಿಕೊಳ್ಳಿ. ಸ್ನೇಹ ಬೆಳೆದ ಮೇಲೆ ನಮ್ಮ ಸ್ವಸ್ತಿಕದ ಅರ್ಥ ಹೇಳಲು ಬೇಕಾದಷ್ಟು ಸಮಯವಿದೆ. ಮೊದಲ ದಿನ ಬೇಡ.

ಮಾತಿನಲ್ಲೂ ಎರಡು ಎಚ್ಚರ. ನಮ್ಮೂರಲ್ಲಿ ಕಟ್ಟುನಿಟ್ಟಾದ ಮ್ಯಾನೇಜರನ್ನು "ಹಿಟ್ಲರ್" ಅಂದುಬಿಡುತ್ತೇವೆ. ಅಲ್ಲಿ ಆ ಹೆಸರು ಹಗುರವಾಗಿ ಬರಬಾರದು. "ನೀವು ಯಹೂದಿಗಳು ದುಡ್ಡಿನ ವಿಷಯದಲ್ಲಿ ಬಹಳ ಜಾಣರು" ಎಂದು ಹೊಗಳಲೂ ಬೇಡಿ. ನೂರಾರು ವರ್ಷ ಅವರನ್ನು ಊರು ಬಿಡಿಸಲು, ಕೊಲ್ಲಲು ಬಳಸಿದ ಆರೋಪ ಅದು. ಇಸ್ರೇಲ್ ರಾಜಕೀಯದ ಪ್ರಶ್ನೆಯನ್ನೂ ಎತ್ತಬೇಡಿ. ಪ್ರತಿಯೊಬ್ಬರ ಅಭಿಪ್ರಾಯ ಬೇರೆ, ಪ್ರತಿಯೊಬ್ಬರ ನೋವೂ ಬೇರೆ.

ಹಂತ 8: ಸರದಿ ಹಿಡಿಯಿರಿ

ಒಂದು ಭಾನುವಾರ ಹೋಗಿ, ಫೋಟೊ ಹಾಕಿ, ಮತ್ತೆ ಹೋಗದವರಿಂದ ಅವರಿಗೆ ಕೆಲಸ ಹೆಚ್ಚುತ್ತದೆ. ಪ್ರತಿ ಸಲ ಹೊಸಬರಿಗೆ ಹೇಳಿಕೊಡಬೇಕು. ತಿಂಗಳಿಗೆ ಎರಡೇ ಗಂಟೆ ಆದರೂ ಗೊತ್ತುಪಡಿಸಿದ ದಿನ ಹೋಗಿ. ಬೇಸರದ ಕೆಲಸವನ್ನೇ ಕೇಳಿ ತೆಗೆದುಕೊಳ್ಳಿ: ರಟ್ಟಿನ ಪೆಟ್ಟಿಗೆ ಮಡಿಸುವುದು, ನೆಲ ಒರೆಸುವುದು. ಆರು ತಿಂಗಳಾದ ಮೇಲೆ ಅವರೇ ನಿಮ್ಮನ್ನು ಬೇರೆ ಕೆಲಸಕ್ಕೆ ಕರೆಯುತ್ತಾರೆ. ಆಗ ನಿಮ್ಮ ಕನ್ನಡ ಕೂಟವನ್ನು ಜೊತೆಗೆ ತರುವ ಮಾತು ಎತ್ತಬಹುದು. ಅದಕ್ಕೂ ಮುಂಚೆ ಮೂವತ್ತು ಜನರನ್ನು ಕರೆತಂದರೆ ಅವರಿಗೆ ಭದ್ರತೆಯ ತಲೆನೋವು. ಸಹಾಯ ಪಡೆಯುವವರ ಮುಖ ಇರುವ ಫೋಟೊ ಮಾತ್ರ ಎಂದೂ ಹಾಕಬೇಡಿ.

ಭಾನುವಾರದ ಸರದಿಗೆ ಬರಲು ಆಗುವುದಿಲ್ಲ ಎಂದಾದರೆ ಗುರುವಾರದೊಳಗೆ ತಿಳಿಸಿ. ಶುಕ್ರವಾರ ಸಂಜೆ ಕಳಿಸಿದ ಇಮೇಲನ್ನು ಶನಿವಾರ ರಾತ್ರಿವರೆಗೆ ಯಾರೂ ಓದುವುದಿಲ್ಲ. ಓದುವ ಹೊತ್ತಿಗೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲು ಅವರಿಗೆ ಸಮಯ ಇರುವುದಿಲ್ಲ.